ಚೌಕಚಿತ್ರದ ಮೊದಲ ಪಾಠ

ಗಣಕಯಂತ್ರದ ತೆರೆಯ ಮೇಲಣ ಚಿತ್ರವು ಪಿಕ್ಸೆಲ್ ಎಂಬ ಪುಟ್ಟ ಬಣ್ಣದ ಚೌಕಗಳ ಕೂಟ. ಆ ಚೌಕಗಳನ್ನು ಮರೆಮಾಚದೆ, ಒಂದೊಂದನ್ನೂ ಎಣಿಸಿ ತುಂಬುವುದೇ ಪಿಕ್ಸೆಲ್ ಚಿತ್ರಕಲೆ. ಕನ್ನಡಿಗರಿಗೆ ಈ ಎಣಿಕೆ ಹೊಸತಲ್ಲ. ಧಾರವಾಡ ಸೀಮೆಯ ಹೆಣ್ಣುಮಕ್ಕಳು ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆಗಳ ಕಸೂತಿ ಹಾಕುವುದು ಬಟ್ಟೆಯ ಎಳೆಗಳನ್ನೆಣಿಸಿಯೇ.

ಹೊಸ ಅಭ್ಯಾಸಿಗೆ ಚೌಕುಳಿ ಕಾಗದ, ಸೀಸದಕಡ್ಡಿ ಇವಿಷ್ಟೇ ಸಾಕು. ಅಡ್ಡಕ್ಕೆ 16, ಉದ್ದಕ್ಕೆ 16, ಒಟ್ಟು 256 ಮನೆಗಳಲ್ಲಿ ಬಸವನಗುಡಿಯ ದೊಡ್ಡ ಬಸವಣ್ಣನನ್ನು ಬರೆಯಲೆತ್ನಿಸಲಿ. ಕೊರಳ ಸರಗಳಿಗೆ ಇಲ್ಲಿ ಎಡೆಯಿಲ್ಲ. ಕೋಡು, ಹಿಣಿಲು, ಮಡಿಸಿದ ಕಾಲು ಉಳಿದರೆ ಬಸವ ಉಳಿದಂತೆ. ಕಣ್ಣಿಗೆ ಒಂದೇ ಮನೆ. ಅದು ತುಸು ಜರುಗಿದರೂ ಬಸವ ಕತ್ತೆಯಾದಾನು! ಹಾಗೆಂದು ದೊಡ್ಡ ಹಾಳೆಗೆ ಹಾರುವುದು ತರವಲ್ಲ. 16ರಲ್ಲಿ ಬಾರದ ಬಸವ 64ರಲ್ಲಿಯೂ ಬಾರನು.

ಬೆನ್ನಿನ ಬಾಗು ಇನ್ನೂ ಕಠಿಣ. ಮೆಟ್ಟಿಲುಗಳು 4, 3, 2, 1 ಎಂದು ಕ್ರಮವಾಗಿ ಕಿರಿದಾಗಬೇಕು. 4, 1, 3 ಎಂದಾದರೆ ಗೆರೆಯು ಗರಗಸವಾಗುತ್ತದೆ. ಕಸೂತಿಯ ಮುರ್ಗಿ ಹೊಲಿಗೆಯು ಸಮ ಮೆಟ್ಟಿಲುಗಳಲ್ಲಿ ಓರೆಯಾಗಿ ಏರುವುದನ್ನು ಕಂಡವರಿಗೆ ಇದು ಬೇಗ ಮನಗಾಣುತ್ತದೆ.

ಬಣ್ಣಗಳು ಮೂರು ಸಾಕು. ಕಾಗದದಲ್ಲಿ ಸರಿಬಂದುದನ್ನು ಗಣಕದಲ್ಲಿ ತುಂಬಿ, ಹಿಗ್ಗಿಸುವಾಗ ಎರಡರಷ್ಟು, ಮೂರರಷ್ಟು ಎಂದು ಪೂರ್ಣಾಂಕದಲ್ಲಿಯೇ ಹಿಗ್ಗಿಸಬೇಕು. ಇಲ್ಲವಾದರೆ ಚೌಕಗಳ ಅಂಚು ಕೆಡುತ್ತದೆ.