ತಾಲ್ಲೂಕು ಕೋರ್ಟಿನಲ್ಲಿ ಪಾಟೀಸವಾಲು

ಪ್ರಶ್ನೆ: ಮೊಳಕಾಲ್ಮೂರು ಮತ್ತು ಚಳ್ಳಕೆರೆ ಕೋರ್ಟುಗಳಲ್ಲಿ ವಕೀಲಿಕೆ ಶುರು ಮಾಡಿ ಕೆಲವೇ ವರ್ಷವಾಗಿದೆ. ಸಾಕ್ಷಿ ವಿಚಾರಣೆಯ ಉನ್ನತ ಕೌಶಲಗಳ ಬಗ್ಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ಪುಸ್ತಕಗಳಿವೆ. ಓದುವಾಗ ರೋಮಾಂಚನವಾಗುತ್ತದೆ, ಮಾರನೆಯ ದಿನ ನಮ್ಮ ಕೋರ್ಟಿನಲ್ಲಿ ಒಂದೂ ಕೈಗೆ ಹತ್ತುವುದಿಲ್ಲ. ನಮ್ಮಂಥವರು ಪಾಟೀಸವಾಲನ್ನು ಕಲಿಯುವುದು ಹೇಗೆ?

ಉತ್ತರ: ಆ ಪುಸ್ತಕಗಳಲ್ಲಿ ಹೆಚ್ಚಿನವು ಜ್ಯೂರಿಯನ್ನು ಎದುರಿಗಿಟ್ಟುಕೊಂಡು ಬರೆದವು. ಹನ್ನೆರಡು ಮಂದಿ ಸಾಮಾನ್ಯರು ಕೂತು ಸಾಕ್ಷಿಯ ಮುಖ ನೋಡುತ್ತಾರೆ, ವಕೀಲರ ದನಿ ಕೇಳುತ್ತಾರೆ, ಅದೇ ವಾರ ಎದ್ದು ಹೋಗಿ ತೀರ್ಮಾನ ಹೇಳುತ್ತಾರೆ. ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದಾಗಲೇ ಜ್ಯೂರಿಯ ಕಥೆ ಮುಗಿಯಿತು. ಇಲ್ಲಿ ಸಾಕ್ಷಿಯ ಮುಖ ನೋಡಿದ ನ್ಯಾಯಾಧೀಶರೇ ತೀರ್ಪು ಬರೆಯುತ್ತಾರೆ ಎಂಬ ಖಾತರಿಯೂ ಇಲ್ಲ. ಈ ವರ್ಷ ಮುಖ್ಯ ವಿಚಾರಣೆ, ಮುಂದಿನ ವರ್ಷ ಪಾಟೀಸವಾಲು, ನಡುವೆ ವರ್ಗಾವಣೆ. ಹೊಸದಾಗಿ ಬಂದವರು ಹಿಂದಿನವರು ಬರೆಸಿಕೊಂಡ ಸಾಕ್ಷ್ಯದ ಮೇಲೆಯೇ ಮುಂದುವರಿಯಬಹುದು (ಸಂಕ್ಷಿಪ್ತ ವಿಚಾರಣೆಯ ಮಾತು ಬೇರೆ). ಆಮೇಲೆ ಮೇಲ್ಮನವಿ ಚಿತ್ರದುರ್ಗಕ್ಕೆ ಹೋಗುತ್ತದೆ, ಅಲ್ಲಿಂದ ಬೆಂಗಳೂರಿಗೆ. ಅಲ್ಲಿ ಓದುವವರ ಮುಂದೆ ನಿಮ್ಮ ದನಿಯೂ ಇಲ್ಲ, ಸಾಕ್ಷಿ ತಡವರಿಸಿದ್ದೂ ಇಲ್ಲ. ಇರುವುದು ಬೆರಳಚ್ಚು ಮಾಡಿದ ಹಾಳೆ ಮಾತ್ರ. ಆದ್ದರಿಂದ ನಾನು ನಿಮಗೆ ಹೇಳಬೇಕಾದದ್ದು ಒಂದೇ: ಪ್ರಶ್ನೆಯನ್ನು ಕಿವಿಗಾಗಿ ಕಟ್ಟಬೇಡಿ, ಹಾಳೆಗಾಗಿ ಕಟ್ಟಿ.

ನಮ್ಮ ಕೋರ್ಟುಗಳಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆಯುವುದಿಲ್ಲ, ಸಾಕ್ಷಿಯೇ ಹೇಳುತ್ತಾ ಹೋದಂತೆ ಬರೆಸುತ್ತಾರೆ. ನೀವು ಕೇಳಿದ್ದು ‘ಎಂದರೆ ಸರಿ’, ‘ಎಂದರೆ ಸುಳ್ಳು’, ‘ಎಂದರೆ ಗೊತ್ತಿಲ್ಲ’ ಎಂಬ ಬಾಲ ಹತ್ತಿಸಿಕೊಂಡು ಸಾಕ್ಷಿಯ ಮಾತಾಗುತ್ತದೆ. ಚಳ್ಳಕೆರೆಯ ಶೇಂಗಾ ವ್ಯಾಪಾರದ ಒಂದು ಚೆಕ್ ಕೇಸು ಅಂದುಕೊಳ್ಳಿ. ಆರೋಪಿಯ ಪರ ನಿಂತ ನೀವು ದನಿ ಏರಿಸಿ, ‘ನೀವು ಸಾಲ ಕೊಟ್ಟೇ ಇಲ್ಲ, ಅಲ್ವೇನ್ರೀ?’ ಎನ್ನುತ್ತೀರಿ. ಹಿಂದಿನ ಬೆಂಚಿನವರು ತಲೆದೂಗುತ್ತಾರೆ. ಹಾಳೆಯ ಮೇಲೆ ಬೀಳುವುದು ಇಷ್ಟೇ: ‘ನಾನು ಆರೋಪಿಗೆ ಸಾಲ ಕೊಟ್ಟಿಲ್ಲ ಎಂದರೆ ಸುಳ್ಳು.’ ಫಿರ್ಯಾದಿ ಮುಖ್ಯ ವಿಚಾರಣೆಯಲ್ಲಿ ಹೇಳಿದ್ದನ್ನು ನೀವೇ ಇನ್ನೊಂದು ಸಲ ಹೇಳಿಸಿದಿರಿ. ಅದರ ಬದಲು ಕೇಳುವುದನ್ನು ಒಡೆದು ಕೇಳಿ. ಹಣ ನಗದಾಗಿ ಕೊಟ್ಟದ್ದು. ಬ್ಯಾಂಕಿನಿಂದ ಆ ವಾರ ಹಣ ತೆಗೆದಿಲ್ಲ. ಆದಾಯ ತೆರಿಗೆ ಲೆಕ್ಕದಲ್ಲಿ ಈ ಸಾಲ ತೋರಿಸಿಲ್ಲ. ಕೊಡುವಾಗ ಯಾರೂ ಇರಲಿಲ್ಲ. ಒಂದೊಂದಕ್ಕೂ ‘ಎಂದರೆ ಸರಿ’ ಬಂದರೆ, ಆ ನಾಲ್ಕು ಸಾಲು ಓದಿದ ಯಾವ ನ್ಯಾಯಾಧೀಶರ ಮನಸ್ಸಿನಲ್ಲೂ ಐದನೆಯ ಪ್ರಶ್ನೆ ತಾನಾಗಿ ಏಳುತ್ತದೆ. ಅದನ್ನು ನೀವು ಕೇಳಬೇಕಾಗಿಲ್ಲ.

ಚೆಕ್ ಕೇಸನ್ನೇ ಹಿಡಿದದ್ದಕ್ಕೆ ಕಾರಣವಿದೆ. ಶೇಂಗಾ ಮಂಡಿ, ಎಣ್ಣೆ ಗಿರಣಿ, ಮೊಳಕಾಲ್ಮೂರಿನ ರೇಷ್ಮೆ ನೂಲು ಮತ್ತು ಸೀರೆ, ಎಲ್ಲವೂ ನಂಬಿಕೆಯ ಮೇಲೆ ಮುಂಗಡ ನಡೆಯುವ ವ್ಯವಹಾರಗಳು. ನಂಬಿಕೆ ಮುರಿದ ದಿನ ಕೈಯಲ್ಲಿ ಉಳಿದಿರುವುದು ಒಂದು ಚೆಕ್ಕು. ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ‘ರಂಗಪ್ಪ ವಿರುದ್ಧ ಶ್ರೀ ಮೋಹನ್’ (2010) ಪ್ರಕರಣವನ್ನು ತೀರ್ಪಿನ ಸಾರಾಂಶಕ್ಕಾಗಿ ಎಲ್ಲರೂ ಉದ್ಧರಿಸುತ್ತಾರೆ, ವಿಚಾರಣೆಯ ಪಾಠಕ್ಕಾಗಿ ಓದುವವರು ಕಡಿಮೆ. ರಾಣೆಬೆನ್ನೂರಿನ ಕೋರ್ಟಿನಲ್ಲಿ ವಿಚಾರಣೆ ನಡೆದ ಕೇಸು, 45,000 ರೂಪಾಯಿಯ ಚೆಕ್ಕು. ಸಹಿ ಮಾಡಿದ ಖಾಲಿ ಚೆಕ್ಕು ಕಳೆದುಹೋಗಿತ್ತು ಎಂಬುದು ಆರೋಪಿಯ ವಾದ. ಫಿರ್ಯಾದಿಯ ಹೇಳಿಕೆಯಲ್ಲಿ ಕೆಲವು ವ್ಯತ್ಯಾಸಗಳನ್ನು ಕಂಡು ವಿಚಾರಣಾ ನ್ಯಾಯಾಲಯ ಬಿಡುಗಡೆ ಮಾಡಿತು. ಹೈಕೋರ್ಟು ಅದನ್ನು ತಿರುಗಿಸಿತು, ಮೂವರು ನ್ಯಾಯಮೂರ್ತಿಗಳ ಪೀಠ ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು. ಸಾಲ ಇತ್ತು ಎಂಬುದೂ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ನೇ ಕಲಮಿನ ಊಹೆಯೊಳಗೆ ಸೇರುತ್ತದೆ, ಅದನ್ನು ಅಲುಗಾಡಿಸಲು ಆರೋಪಿ ಸಂಭವನೀಯವಾದ ಪ್ರತಿವಾದವೊಂದನ್ನು ಎತ್ತಬೇಕು ಎಂದಿತು. ಫಿರ್ಯಾದಿಯ ನೋಟಿಸಿಗೆ ಆರೋಪಿ ಉತ್ತರವನ್ನೇ ಕೊಟ್ಟಿರಲಿಲ್ಲ, ಅದೂ ಅವರ ವಿರುದ್ಧ ಹೋಯಿತು. ಚೆಕ್ಕು ಕಳೆದಿದ್ದರೆ ಅಂದೇ ಬರೆಯಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಪಾಟೀಸವಾಲು ಶುರುವಾಗುವುದು ಕಟಕಟೆಯ ಮುಂದಲ್ಲ, ಕಕ್ಷಿದಾರರು ನೋಟಿಸ್ ಹಿಡಿದುಕೊಂಡು ನಿಮ್ಮ ಆಫೀಸಿಗೆ ಬಂದ ದಿನ.

ಇದರ ಪಕ್ಕದಲ್ಲಿ ‘ಬಸಲಿಂಗಪ್ಪ ವಿರುದ್ಧ ಮುದಿಬಸಪ್ಪ’ (2019) ಇಟ್ಟು ಓದಿ. ಅದೂ ಕರ್ನಾಟಕದ್ದೇ, 6 ಲಕ್ಷದ ಚೆಕ್ಕು. ಇಲ್ಲಿ ಆರೋಪಿಯ ಪರ ಪಾಟೀಸವಾಲಿನಲ್ಲಿ ಮುಖ್ಯವಾದದ್ದು ಒಂದು ಪ್ರಶ್ನೆ: ಈ ಹಣ ಫಿರ್ಯಾದಿಯ ಕೈಯಲ್ಲಿ ಇತ್ತೇ? ಅವರು ನಿವೃತ್ತರಾದದ್ದು 1997ರಲ್ಲಿ, ಬಂದ ಹಣ ಸುಮಾರು 8 ಲಕ್ಷ, ಸಾಲದ ಹೊತ್ತಿಗೆ ಹದಿನಾಲ್ಕು ವರ್ಷ ಕಳೆದಿತ್ತು. ಅದೇ ಸುಮಾರಿನಲ್ಲಿ ಜಮೀನಿನ ಕರಾರಿಗೆ ಬೇರೆಯವರಿಗೂ ಲಕ್ಷಗಟ್ಟಲೆ ಕೊಟ್ಟದ್ದು ದಾಖಲೆಯಲ್ಲಿ ಬಂತು. ಹೈಕೋರ್ಟು ಶಿಕ್ಷೆ ಕೊಟ್ಟಿದ್ದರೂ ಸುಪ್ರೀಂ ಕೋರ್ಟು ಬಿಡುಗಡೆಯನ್ನು ಮತ್ತೆ ಸ್ಥಾಪಿಸಿತು. ಊಹೆಯನ್ನು ಅಲುಗಾಡಿಸಲು ಆರೋಪಿ ತಾನೇ ಕಟಕಟೆ ಹತ್ತಲೇಬೇಕೆಂದಿಲ್ಲ, ಫಿರ್ಯಾದಿಯ ಬಾಯಿಂದ ಬಂದದ್ದೇ ಸಾಕಾಗಬಹುದು ಎಂದೂ ಹೇಳಿತು. ಎರಡೂ ಕೇಸಿನಲ್ಲಿ ಕಾನೂನು ಒಂದೇ. ಫಲ ಬೇರೆಯಾದದ್ದು ದಾಖಲೆಯಲ್ಲಿ ಏನು ಬಿತ್ತು ಎಂಬುದರಿಂದ.

ಕ್ರಿಮಿನಲ್ ಕೇಸಿನಲ್ಲಿ ಯುವ ವಕೀಲರು ಅರ್ಧಕ್ಕೇ ಬಿಡುವ ಒಂದು ಕೆಲಸವಿದೆ. ಸಾಕ್ಷಿ ಕೋರ್ಟಿನಲ್ಲಿ ಹೇಳಿದ ಮುಖ್ಯ ಸಂಗತಿ ಪೊಲೀಸರ ಮುಂದಿನ ಹೇಳಿಕೆಯಲ್ಲಿ ಇಲ್ಲ. ‘ಪೊಲೀಸರ ಮುಂದೆ ಹೀಗೆ ಹೇಳಿಲ್ಲ’ ಎಂದು ನೀವು ಸೂಚಿಸುತ್ತೀರಿ, ಸಾಕ್ಷಿ ‘ಹೇಳಿದ್ದೇನೆ’ ಎನ್ನುತ್ತಾರೆ. ಅಲ್ಲಿಗೆ ನಿಲ್ಲಿಸಿದರೆ ಏನೂ ರುಜುವಾತಾಗಿಲ್ಲ. ತಿಂಗಳುಗಳ ಬಳಿಕ ತನಿಖಾಧಿಕಾರಿ ಕಟಕಟೆಗೆ ಬಂದಾಗ, ‘ಆ ಸಾಕ್ಷಿ ನನ್ನ ಮುಂದೆ ಹಾಗೆ ಹೇಳಿಕೆ ಕೊಟ್ಟಿಲ್ಲ ಎಂದರೆ ಸರಿ’ ಎಂಬ ಸಾಲು ಬರಬೇಕು. ಆಗ ಮಾತ್ರ ಆ ಲೋಪ ಪುರಾವೆಯಾಗಿ ನಿಲ್ಲುತ್ತದೆ. ಹೇಳಿಕೆಯಲ್ಲಿ ಇರುವುದೇ ಬೇರೆ, ಕೋರ್ಟಿನಲ್ಲಿ ಹೇಳಿದ್ದೇ ಬೇರೆ ಎಂದಾದರೆ, ಆ ಭಾಗವನ್ನು ಸಾಕ್ಷಿಗೆ ಓದಿ ತೋರಿಸಿ, ಗುರುತು ಹಾಕಿಸಿ, ಅದನ್ನೂ ಅಧಿಕಾರಿಯಿಂದ ರುಜುವಾತು ಮಾಡಿಸಬೇಕು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದು, ಹಿಂದಿನ ಹೇಳಿಕೆಯ ಮೇಲಿನ ಪಾಟೀಸವಾಲಿಗೆ ಸಂಬಂಧಿಸಿದ ಹಳೆಯ 145ನೇ ಕಲಮು 148 ಆಗಿದೆ. ಸಂಖ್ಯೆ ಬದಲಾಗಿದೆ, ಕ್ರಮ ಬದಲಾಗಿಲ್ಲ. ಸಾಕ್ಷಿಗೊಂದು ಹಾಳೆ ಇಟ್ಟುಕೊಳ್ಳಿ, ತನಿಖಾಧಿಕಾರಿಗೆ ಕೇಳಬೇಕಾದದ್ದನ್ನು ಅಂದೇ ಅದರ ಹಿಂಬದಿಯಲ್ಲಿ ಬರೆದಿಡಿ.

ಸೂಚನೆ ಹಾಕುವಾಗ ನಾಲಿಗೆ ಹಿಡಿತದಲ್ಲಿರಲಿ. ‘ನೀವೇ ಮೊದಲು ಕಲ್ಲು ಎತ್ತಿದಿರಿ, ಆಮೇಲೆ ಆರೋಪಿ ದೊಣ್ಣೆ ಹಿಡಿದರು’ ಎಂದು ಕೇಳಿದ ಕ್ಷಣ ನಿಮ್ಮ ಕಕ್ಷಿದಾರರು ಸ್ಥಳದಲ್ಲಿದ್ದರು, ಕೈಯಲ್ಲಿ ದೊಣ್ಣೆ ಇತ್ತು ಎಂದು ನೀವೇ ಹೇಳಿದಂತಾಯಿತು. ವಕೀಲರು ಹಾಕಿದ ಸೂಚನೆಯನ್ನು ಆರೋಪಿಯ ವಿರುದ್ಧ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟು 2023ರಲ್ಲಿ ‘ಬಾಳು ಸುದಾಮ್ ಖಾಲ್ದೆ’ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆತ್ಮರಕ್ಷಣೆಯೋ, ಸ್ಥಳದಲ್ಲೇ ಇರಲಿಲ್ಲವೋ, ಮೊದಲ ಸಾಕ್ಷಿ ಕಟಕಟೆ ಹತ್ತುವ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಿ. ಎರಡನ್ನೂ ಒಟ್ಟಿಗೆ ಹಿಡಿದವರ ಕೈಯಲ್ಲಿ ಕೊನೆಗೆ ಎರಡೂ ಉಳಿಯುವುದಿಲ್ಲ.

ಹಳ್ಳಿಯ ಸಾಕ್ಷಿಗಳು ಗಡಿಯಾರ ನೋಡಿ ಮಾತಾಡುವುದಿಲ್ಲ. ‘ನಾಯಕನಹಟ್ಟಿ ತೇರಾದ ಮುಂದಿನ ವಾರ’, ‘ಗೌರಸಮುದ್ರದ ಜಾತ್ರೆಗೆ ಮುಂಚೆ’, ‘ದನ ಮನೆಗೆ ಬರೋ ಹೊತ್ತು’ ಎನ್ನುತ್ತಾರೆ. ಎಷ್ಟೋ ವಕೀಲರು ಇದನ್ನು ಕೇಳಿ ನಗುತ್ತಾರೆ, ‘ತಾರೀಖು ಹೇಳ್ರೀ’ ಎಂದು ಗದರುತ್ತಾರೆ. ನನಗೆ ಅದು ಸರಿಕಾಣುವುದಿಲ್ಲ, ಕೆಲಸದ ದೃಷ್ಟಿಯಿಂದಲೂ ಅದು ದಡ್ಡತನ. ನಾಯಕನಹಟ್ಟಿಯ ತಿಪ್ಪೇಸ್ವಾಮಿಯ ತೇರು ಫಾಲ್ಗುಣ ಬಹುಳದಲ್ಲಿ, ಹುಣ್ಣಿಮೆ ಕಳೆದ ಮೇಲೆ. ಅದರ ಮುಂದಿನ ವಾರವೆಂದರೆ ಅಮಾವಾಸ್ಯೆ ಹತ್ತಿರವಾಗುವ ದಿನಗಳು, ಚಂದ್ರ ಹುಟ್ಟುವುದು ನಡುರಾತ್ರಿಯ ಮೇಲೆ. ‘ರಾತ್ರಿ ಎಂಟಕ್ಕೆ ಬೆಳದಿಂಗಳಲ್ಲಿ ಆರೋಪಿಯ ಮುಖ ಕಂಡೆ’ ಎಂದು ಅದೇ ಸಾಕ್ಷಿ ಹೇಳಿದ್ದರೆ ನಿಮಗೆ ಬೇಕಾದದ್ದು ಪಂಚಾಂಗ. ಮೊದಲು ದಿನವನ್ನು ಗಟ್ಟಿ ಮಾಡಿ, ಆಮೇಲೆ ಹೊತ್ತು, ಆಮೇಲೆ ಬೀದಿ ದೀಪ ಇರಲಿಲ್ಲ ಎಂಬುದು, ಕೊನೆಗೆ ಬೆಳದಿಂಗಳಲ್ಲಿಯೇ ಕಂಡದ್ದು ಎಂಬುದು. ಅಲ್ಲಿಗೆ ನಿಲ್ಲಿಸಿ. ಪಂಚಾಂಗದ ಪುಟ ವಾದದ ದಿನಕ್ಕಿರಲಿ. 1858ರಲ್ಲಿ ಇಲಿನಾಯ್ ರಾಜ್ಯದ ಕೊಲೆ ಕೇಸೊಂದರಲ್ಲಿ ವಕೀಲರಾಗಿದ್ದ ಅಬ್ರಹಾಂ ಲಿಂಕನ್ ಮಾಡಿದ್ದೂ ಇದನ್ನೇ. ಬೆಳದಿಂಗಳಲ್ಲಿ ನೋಡಿದೆ ಎಂದ ಸಾಕ್ಷಿಯಿಂದ ಆ ಮಾತನ್ನು ಗಟ್ಟಿ ಮಾಡಿಸಿಕೊಂಡು, ಆ ಹೊತ್ತಿಗೆ ಚಂದ್ರ ಮುಳುಗುವ ಹಂತದಲ್ಲಿದ್ದ ಎಂದು ಪಂಚಾಂಗ ತೆರೆದು ತೋರಿಸಿದರು, ಆರೋಪಿ ಬಿಡುಗಡೆಯಾದ.

ಇನ್ನು ಭಾಷೆಯ ಮಾತು. ರಾಯದುರ್ಗದ ಕಡೆಗೆ ಹೋದಂತೆ ಕನ್ನಡದ ಜೊತೆ ತೆಲುಗು ಬೆರೆಯುತ್ತದೆ, ತಾಂಡಾದವರ ಮನೆಮಾತು ಲಂಬಾಣಿ. ಸಾಕ್ಷಿ ಆಡಿದ್ದು ಒಂದು, ಬರೆಸಿದ್ದು ಇನ್ನೊಂದು ಆಗುವುದು ಇಂಥ ಕಡೆ. ಉತ್ತರ ನಿಮಗೆ ಮುಖ್ಯವೆನಿಸಿದರೆ ಆ ಒಂದು ಪ್ರಶ್ನೆ ಮತ್ತು ಉತ್ತರವನ್ನು ಇದ್ದ ಹಾಗೆಯೇ ಬರೆಸಲು ವಿನಯದಿಂದ ಕೋರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 10ನೇ ನಿಯಮದಲ್ಲಿ ಅದಕ್ಕೆ ಅವಕಾಶವಿದೆ, ಕ್ರಿಮಿನಲ್ ವಿಚಾರಣೆಯಲ್ಲೂ ನ್ಯಾಯಾಧೀಶರಿಗೆ ಆ ವಿವೇಚನೆ ಇದೆ.

ಜಮೀನಿನ ದಾವಾ ಇದ್ದರೆ ಹೊಲ ನೋಡದೆ ಪಾಟೀಸವಾಲಿಗೆ ಎದ್ದು ನಿಲ್ಲಬೇಡಿ. ಪಹಣಿ ನಿಮ್ಮ ವಿರುದ್ಧ ಇದೆಯೆಂದರೆ ಭೂಕಂದಾಯ ಕಾಯ್ದೆಯ 133ನೇ ಕಲಮಿನ ಊಹೆಯೂ ನಿಮ್ಮ ವಿರುದ್ಧ. ಅದನ್ನು ಅಲುಗಾಡಿಸುವುದು ಚಕ್ಕುಬಂದಿ, ಬಾಂದು ಕಲ್ಲು, ಬದು, ಯಾವ ಸಾಲು ಯಾರು ಬಿತ್ತಿದರು ಎಂಬ ಸಂಗತಿಗಳು. ಬಳ್ಳಾರಿ ಜಾಲಿ ಬೆಳೆದು ಬದು ಮುಚ್ಚಿದ ಹೊಲದಲ್ಲಿ ‘ಪ್ರತಿವರ್ಷ ಶೇಂಗಾ ಬಿತ್ತುತ್ತೇನೆ’ ಎನ್ನುವ ಸಾಕ್ಷಿಗೆ ಏನು ಕೇಳಬೇಕೆಂದು ಪುಸ್ತಕ ಹೇಳಿಕೊಡುವುದಿಲ್ಲ. ಒಂದು ಮಧ್ಯಾಹ್ನ ಆ ಬದುವಿನ ಮೇಲೆ ನಡೆದರೆ ತಿಳಿಯುತ್ತದೆ.

ಸಾಕ್ಷಿಗೆ ಬಹುವಚನ ಕೊಡಿ. ಕೂಲಿ ಬಿಟ್ಟು, ಎರಡು ಬಸ್ಸು ಹಿಡಿದು, ಸಿಕ್ಕರೆ ಸಿಕ್ಕಷ್ಟು ಬತ್ತಾಕ್ಕೆ ಬಂದ ಮನುಷ್ಯರನ್ನು ಗದರಿಸಿ ಗೆದ್ದೆ ಎಂದುಕೊಳ್ಳುವುದು ನನಗೆ ನೋವಿನ ಸಂಗತಿ. ಅವಮಾನಿಸಲೆಂದೇ ಕೇಳುವ ಪ್ರಶ್ನೆಯನ್ನು ಕಾನೂನೂ ತಡೆಯುತ್ತದೆ. ಗದರಿದಾಗ ಸಾಕ್ಷಿ ಎಚ್ಚರಾಗುತ್ತಾರೆ, ‘ಗೊತ್ತಿಲ್ಲ, ನೆನಪಿಲ್ಲ’ ಎನ್ನುವ ಗೋಡೆಯ ಹಿಂದೆ ಹೋಗುತ್ತಾರೆ, ಹಾಳೆಯಲ್ಲಿ ಏನೂ ಉಳಿಯುವುದಿಲ್ಲ. ಮೆಲ್ಲಗೆ, ಅವರ ಊರಿನ ಮಾತಿನಲ್ಲೇ ಕೇಳಿದಾಗ ಸತ್ಯವೂ ಹೊರಬರುತ್ತದೆ, ಸುಳ್ಳೂ ತನ್ನನ್ನು ತೋರಿಸಿಕೊಳ್ಳುತ್ತದೆ.

ಕಲಿಯುವ ದಾರಿ ಕೇಳಿದ್ದೀರಿ. ನಿಮ್ಮ ಹಿರಿಯರ ಕಪಾಟಿನಲ್ಲಿ ಮುಗಿದ ಕೇಸುಗಳ ಕಟ್ಟುಗಳಿರುತ್ತವೆ. ಅವರ ಅನುಮತಿ ಪಡೆದು ಒಂದನ್ನು ಬಿಚ್ಚಿ. ಮೊದಲು ದೂರು ಅಥವಾ ವಾದಪತ್ರ ಓದಿ, ಆಮೇಲೆ ಸಾಕ್ಷ್ಯ ಮಾತ್ರ ಓದಿ. ತೀರ್ಪನ್ನು ಮುಚ್ಚಿಟ್ಟು, ನೀವೇ ನ್ಯಾಯಾಧೀಶರಾಗಿದ್ದರೆ ಏನು ಬರೆಯುತ್ತಿದ್ದಿರಿ ಎಂದು ಅರ್ಧ ಪುಟ ಬರೆಯಿರಿ. ಬಳಿಕ ತೀರ್ಪು ತೆರೆದು, ಪಾಟೀಸವಾಲಿನ ಯಾವ ವಾಕ್ಯಗಳನ್ನು ನ್ಯಾಯಾಧೀಶರು ಎತ್ತಿಕೊಂಡಿದ್ದಾರೆ ಎಂದು ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಹತ್ತು ಪುಟದ ಪಾಟೀಸವಾಲಿನಲ್ಲಿ ಮೂರೋ ನಾಲ್ಕೋ ಸಾಲಿಗೆ ಮಾತ್ರ ಕೆಂಪು ಬೀಳುತ್ತದೆ. ಆ ಸಾಲುಗಳು ಬರಲು ಹಿಂದೆ ಯಾವ ಪ್ರಶ್ನೆಗಳು ಸಾಲಾಗಿ ಬಂದಿರಬೇಕು ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ಚಿತ್ರದುರ್ಗದ ಸೆಷನ್ಸ್ ಕೋರ್ಟಿನಲ್ಲಿ ಒಳ್ಳೆಯ ಪಾಟೀಸವಾಲು ಇರುವ ದಿನ ಹೋಗಿ ಕೂತು, ನಿಮ್ಮ ಊಹೆ ಸರಿಯೇ ಎಂದು ತಾಳೆ ನೋಡಿ. ಸೋತ ಕೇಸಿನ ಕಟ್ಟನ್ನೇ ಮೊದಲು ಆರಿಸಿಕೊಂಡರೆ ಒಳ್ಳೆಯದು.