ನಾಯಿಗೆ ಉಚ್ಚೆ ಕಟ್ಟಿದಾಗ: ಸಾಕಿದವರ ಹೊಣೆ, ಹಕ್ಕು ಮತ್ತು ದೂರಿನ ದಾರಿ

ಗಂಡು ನಾಯಿ ಕಂಬದಿಂದ ಕಂಬಕ್ಕೆ ಹೋಗುತ್ತದೆ, ಕಾಲೆತ್ತುತ್ತದೆ, ತಿಣುಕುತ್ತದೆ. ಬಿದ್ದರೆ ಒಂದೆರಡು ಹನಿ, ಇಲ್ಲದಿದ್ದರೆ ಅದೂ ಇಲ್ಲ. ನಮ್ಮ ಬಾದಾಮಿ, ಹುನಗುಂದದ ಕಡೆ ಇದಕ್ಕೆ ‘ಉಚ್ಚಿ ಕಟ್ಟೈತಿ’ ಎನ್ನುತ್ತಾರೆ. ನಾಳೆ ದನದ ದವಾಖಾನೆಗೆ ಒಯ್ದರಾಯಿತು ಎಂದು ಸುಮ್ಮನಾಗುವವರೇ ಹೆಚ್ಚು. ಆ ಒಂದು ರಾತ್ರಿ ನಾಯಿಯ ಜೀವವನ್ನೇ ತೆಗೆಯಬಹುದು.

ಮುಧೋಳ ನಾಯಿಯಿಂದ ಹೆಸರಾದ ಜಿಲ್ಲೆ ನಮ್ಮ ಬಾಗಲಕೋಟೆ. 2005ರಲ್ಲಿ ಅಂಚೆ ಇಲಾಖೆ ಆ ತಳಿಯ ಚಿತ್ರವಿರುವ ಅಂಚೆಚೀಟಿ ತಂದಿತು. ತಳಿಯ ಸಂವರ್ಧನೆ, ಸಂಶೋಧನೆಗೆಂದೇ ಮುಧೋಳದ ತಿಮ್ಮಾಪುರದಲ್ಲಿ ಕೇಂದ್ರವೂ ಇದೆ. ನಾಯಿಯ ಮೇಲೆ ಇಷ್ಟು ಅಭಿಮಾನವಿರುವ ನಾವು, ಅದು ಕಾಯಿಲೆ ಬಿದ್ದಾಗ ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಬೇಕು.

ಇದು ಗಂಟೆಗಳ ಲೆಕ್ಕ

ಗಂಡು ನಾಯಿಯ ಮೂತ್ರನಾಳ ಶಿಶ್ನದೊಳಗಿನ ಒಂದು ಎಲುಬಿಗೆ ಅಂಟಿಕೊಂಡು ಸಾಗುತ್ತದೆ. ಅಲ್ಲಿ ನಾಳ ಹಿಗ್ಗುವುದಿಲ್ಲ. ಮೂತ್ರಚೀಲದಿಂದ ಇಳಿದ ಹರಳು ಆ ಎಲುಬಿನ ಹಿಂದೆಯೇ ಸಿಕ್ಕಿಕೊಳ್ಳುತ್ತದೆ. ಮೂತ್ರ ಪೂರ್ತಿ ಕಟ್ಟಿದರೆ ರಕ್ತದಲ್ಲಿ ವಿಷಾಂಶ ಮತ್ತು ಪೊಟ್ಯಾಸಿಯಂ ಏರಿ, ಎರಡು ಮೂರು ದಿನದಲ್ಲಿ ಹೃದಯವೇ ನಿಲ್ಲಬಹುದು. ಹೆಣ್ಣು ನಾಯಿಯ ನಾಳ ಗಿಡ್ಡ, ಅಗಲ. ಅದಕ್ಕೆ ಕಟ್ಟುವುದು ಕಡಿಮೆ, ಸೋಂಕು ತಗಲುವುದು ಹೆಚ್ಚು. ಕಾಫಿ ಬಣ್ಣದ ಮೂತ್ರ ಕಂಡರೆ ಉಣ್ಣಿಯಿಂದ ಬರುವ ರಕ್ತದ ಕಾಯಿಲೆಯಿರಬಹುದು. ಇಲಿಜ್ವರವಾದರೆ ಅದು ಮೂತ್ರದ ಮೂಲಕ ಮನೆಮಂದಿಗೂ ಹರಡೀತು. ಕೈಗವಸು ಇಲ್ಲದೆ ಆ ಮೂತ್ರ ಬಳಿಯಬೇಡಿ.

ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥವು ನಾಯಿಯ ಕಿಡ್ನಿ ಕೆಡಿಸುತ್ತವೆ. ಹೊಟ್ಟೆ ಒತ್ತಿ ಮೂತ್ರ ತೆಗೆಸಲು ಹೋದರೆ ಮೂತ್ರಚೀಲ ಒಡೆಯಬಹುದು.

ಸಾಕಿದವರ ಮೇಲೆ ಕಾನೂನಿನ ಹೊಣೆ

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 3ನೇ ಕಲಮಿನ ಪ್ರಕಾರ, ಪ್ರಾಣಿಯನ್ನು ಸಾಕಿದವರು ಅದರ ಯೋಗಕ್ಷೇಮ ನೋಡಬೇಕು, ಅದಕ್ಕೆ ಅನಗತ್ಯ ನೋವಾಗದಂತೆ ತಡೆಯಬೇಕು. ಸಾಕಷ್ಟು ಆಹಾರ, ನೀರು, ನೆರಳು ಕೊಡದಿರುವುದು 11ನೇ ಕಲಮಿನಡಿ ಅಪರಾಧ. ಹಸಿದು ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ವಿನಾಕಾರಣ ಬಿಟ್ಟುಬರುವುದೂ ಅಷ್ಟೇ. ಇಳಕಲ್ಲಿನ ಬೇಸಿಗೆಯಲ್ಲಿ ನೀರಿನ ಬಟ್ಟಲು ಬತ್ತದಂತೆ ನೋಡುವುದು ಈ ಕಾಯ್ದೆಯ ಪಾಲನೆಯೂ ಹೌದು, ಹರಳು ಕಟ್ಟದಂತೆ ತಡೆಯುವ ದಾರಿಯೂ ಹೌದು.

ಯಾರು ವೈದ್ಯರು, ಯಾರು ಅಲ್ಲ

1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯ್ದೆಯ 30ನೇ ಕಲಮಿನಂತೆ, ನೋಂದಾಯಿತ ಪಶುವೈದ್ಯರು ಮಾತ್ರ ಪಶುವೈದ್ಯ ವೃತ್ತಿ ನಡೆಸಬಹುದು. ಅವರು ಬಿ.ವಿ.ಎಸ್ಸಿ. ಪದವೀಧರರಾಗಿರಬೇಕು, ರಾಜ್ಯದ ಪಶುವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ದಾಖಲಾಗಿರಬೇಕು. ಊರ ದವಾಖಾನೆಯ ಪಶುವೈದ್ಯಕೀಯ ಪರೀಕ್ಷಕರು ಸರ್ಕಾರದ ಅನುಮತಿಯಿದ್ದಲ್ಲಿ, ವೈದ್ಯರ ಉಸ್ತುವಾರಿಯಲ್ಲಿ ಲಸಿಕೆ ಹಾಕಬಹುದು, ಗಾಯ ಕಟ್ಟಬಹುದು, ಬೀಜ ಒಡೆಯಬಹುದು. ಇವು ‘ಸಣ್ಣ ಸೇವೆ’ಗಳು. ಕಟ್ಟಿದ ಮೂತ್ರನಾಳಕ್ಕೆ ಕ್ಯಾಥೆಟರ್ ಹಾಕುವುದು, ಹೊಟ್ಟೆ ಕೊಯ್ದು ಹರಳು ತೆಗೆಯುವುದು ವೈದ್ಯರದೇ ಕೆಲಸ. ಔಷಧಿ ಅಂಗಡಿಯವರು ಚೀಟಿಯಿಲ್ಲದೆ ಕೊಡುವ ಆ್ಯಂಟಿಬಯಾಟಿಕ್ ಚಿಕಿತ್ಸೆಯಾಗದು.

ಆದ್ದರಿಂದ ಸಂಕೋಚವಿಲ್ಲದೆ ಕೇಳಿ: ‘ಸರ್, ನಿಮ್ಮ ನೋಂದಣಿ ಸಂಖ್ಯೆ ಎಷ್ಟು? ಮೂತ್ರ ಪರೀಕ್ಷೆ, ಎಕ್ಸ್‌-ರೇ ಅಥವಾ ಸ್ಕ್ಯಾನಿಂಗ್ ಇಲ್ಲಿ ಆಗುತ್ತದೆಯೇ? ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತೀರಿ?’ ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ತಮ್ಮಲ್ಲಿ ಸೌಲಭ್ಯವಿಲ್ಲದಿದ್ದರೆ ಬಾಗಲಕೋಟೆಗೋ ಗದಗದ ಪಶುವೈದ್ಯಕೀಯ ಕಾಲೇಜಿಗೋ ಒಯ್ಯಿರಿ ಎಂದು ತಡಮಾಡದೆ ಹೇಳುತ್ತಾರೆ. ಹರಳು ಯಾವ ಬಗೆಯದೆಂದು ಪರೀಕ್ಷೆ ಮಾಡಿಸುವುದೂ ಮುಖ್ಯ. ಸೋಂಕಿನಿಂದ ಕಟ್ಟುವ ಸ್ಟ್ರುವೈಟ್ ಹರಳು ಪಥ್ಯ ಮತ್ತು ಔಷಧಿಯಿಂದ ಕರಗಬಹುದು, ಕ್ಯಾಲ್ಸಿಯಂ ಆಕ್ಸಲೇಟ್ ಕರಗದು. ವಾಹನವಿಲ್ಲದವರು ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ಸೇವೆಯ 1962ಕ್ಕೆ ಕರೆ ಮಾಡಬಹುದು.

ಕಾಗದ ಕೇಳಿ ಪಡೆಯಿರಿ

- ಹಣ ಕೊಟ್ಟ ಮೇಲೆ ರಸೀದಿ. ಅದನ್ನು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ.
- ದಿನಾಂಕ, ರೋಗಲಕ್ಷಣ, ಔಷಧಿಯ ಪ್ರಮಾಣ ಬರೆದ ಚೀಟಿ.
- ಪರೀಕ್ಷಾ ವರದಿಗಳು. ಶಸ್ತ್ರಚಿಕಿತ್ಸೆಗೆ ಮುನ್ನ ನೀವು ಸಹಿ ಮಾಡಿದ ಒಪ್ಪಿಗೆ ಪತ್ರದ ಪ್ರತಿ.
- ನಾಯಿ ಸತ್ತು ಅನುಮಾನವಿದ್ದರೆ, ಹೂಳುವ ಮೊದಲು ಬೇರೊಬ್ಬ ನೋಂದಾಯಿತ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ. ಹೂತ ಮೇಲೆ ಸಾಕ್ಷಿಯೂ ಮಣ್ಣಾಗುತ್ತದೆ.

ದೂರು ಎಲ್ಲಿ, ಹೇಗೆ

ವೃತ್ತಿಯ ಶಿಸ್ತು ಮೀರಿದ್ದರೆ, ನೋಂದಣಿಯಿಲ್ಲದೆ ಚಿಕಿತ್ಸೆ ಮಾಡಿದ್ದರೆ ಬೆಂಗಳೂರಿನ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ ಲಿಖಿತ ದೂರು ಕೊಡಿ. ಸರ್ಕಾರಿ ದವಾಖಾನೆಯ ಅಲಕ್ಷ್ಯವಾದರೆ ಪಶುಪಾಲನಾ ಇಲಾಖೆಯ ತಾಲ್ಲೂಕಿನ ಸಹಾಯಕ ನಿರ್ದೇಶಕರಿಗೆ, ಬಳಿಕ ಜಿಲ್ಲೆಯ ಉಪನಿರ್ದೇಶಕರಿಗೆ ಬರೆಯಿರಿ, ಸ್ವೀಕೃತಿ ಪಡೆಯಿರಿ. ವೈದ್ಯರ ಹುದ್ದೆ ಖಾಲಿಯಿದೆಯೇ, ಔಷಧಿ ದಾಸ್ತಾನು ಎಷ್ಟು ಎಂಬುದನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ 30 ದಿನದೊಳಗೆ ಉತ್ತರ ಬರಬೇಕು.

ಹಣ ಪಡೆದ ಖಾಸಗಿ ಚಿಕಿತ್ಸೆಯಲ್ಲಿ ಲೋಪವಾಗಿದ್ದರೆ ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು. ಚಿಕಿತ್ಸೆ ಹುಬ್ಬಳ್ಳಿಯಲ್ಲಿ ಆಗಿದ್ದರೂ ನೀವು ಇಳಕಲ್ಲಿನವರಾದರೆ ದೂರು ಇಲ್ಲೇ ನಡೆಯುತ್ತದೆ. ಗಡುವು ಎರಡು ವರ್ಷ. ನೀವು ಕೊಟ್ಟ ಶುಲ್ಕ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಹೇಳಿ ನೋಡಬಹುದು. ಎಲ್ಲರಿಗೂ ಪೂರ್ತಿ ಉಚಿತವಾಗಿ ಕೊಡುವ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ನಿಗದಿತ ಆದಾಯಕ್ಕಿಂತ ಕಡಿಮೆ ಇರುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100.

ಒಂದು ಮಾತು ನೆನಪಿರಲಿ. ನಾಯಿ ಉಳಿಯಲಿಲ್ಲ ಎಂದ ಮಾತ್ರಕ್ಕೆ ವೈದ್ಯರ ತಪ್ಪು ಸಾಬೀತಾಗುವುದಿಲ್ಲ. ಸಾಮಾನ್ಯ ವೈದ್ಯರು ಮಾಡಬೇಕಾದದ್ದನ್ನು ಅವರು ಮಾಡಲಿಲ್ಲ ಎಂದು ತೋರಿಸುವ ಹೊಣೆ ದೂರುದಾರರದು. ತಡವಾಗಿ ಒಯ್ದಿದ್ದರೆ ಆ ಪ್ರಶ್ನೆಯೂ ನಿಮ್ಮ ಮುಂದೆ ಬರುತ್ತದೆ.

ಇವತ್ತೇ ಒಂದು ಕೆಲಸ ಮಾಡಿ. ನಾಯಿಯ ಲಸಿಕೆ ಪುಸ್ತಕದ ಒಳರಟ್ಟಿನ ಮೇಲೆ ಹತ್ತಿರದ ನೋಂದಾಯಿತ ವೈದ್ಯರ ಹೆಸರು, ಫೋನ್, ರಾತ್ರಿ ಸಿಗುತ್ತಾರೆಯೇ ಎಂಬುದು, ಕೆಳಗೆ 1962 ಬರೆದಿಡಿ. ನಾಯಿ ತಿಣುಕುವುದನ್ನು ಕಂಡ ರಾತ್ರಿ ಮನೆಯ ಯಾರೇ ಆಗಲಿ, ಮಕ್ಕಳೇ ಆಗಲಿ, ಪುಸ್ತಕ ತೆರೆದು ಫೋನ್ ಮಾಡುವಂತಿರಬೇಕು.