ಬೇಸಗೆಯ ದಿನದಲ್ಲಿ ಹೊಲದ ಆರೈಕೆಯೂ ಅಲ್ಲಿಯ ಕಾಡುಜೀವಿಗಳೂ

(ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ಹಿಡುವಳಿದಾರರ ಹಾಗೂ ಗ್ರಾಮಮುಖ್ಯಸ್ಥರ ಉಪಯೋಗಾರ್ಥವಾಗಿ)

ಚೈತ್ರ ವೈಶಾಖಗಳಲ್ಲಿ ಬೆಳೆಯಿಲ್ಲದ ಹೊಲಕ್ಕೆ ಹೋಗಿ ಮಾಡತಕ್ಕ ಕೆಲಸವೇನೆಂದು ಅನೇಕ ರೈತರು ಕೇಳುವುದುಂಟು. ಈ ಪ್ರಾಂತದಲ್ಲಿ ಬಿಸಿಲು 38, 40 ಡಿಗ್ರಿಗಳವರೆಗೂ ಏರುವ ಆ ದಿನಗಳಲ್ಲಿ ಮಾಡಿದ ಕೆಲಸವೇ ಮುಂಗಾರಿನ ಪೈರನ್ನು ಕಾಯತಕ್ಕದ್ದಾಗಿರುವುದು. ಅದಲ್ಲದೆ ಹೊಲವು ಪಹಣಿಯಲ್ಲಿ ಹೆಸರಿರುವವನೊಬ್ಬನಿಗೇ ಸೇರಿದುದೆಂದು ತಿಳಿಯಕೂಡದು. ಹಕ್ಕಿ, ಹಾವು, ಇಲಿ, ನವಿಲು, ಹಂದಿ ಇವೆಲ್ಲವೂ ಅದರಲ್ಲಿ ಪಾಲುಳ್ಳವೇ. ಇವುಗಳಲ್ಲಿ ಯಾವುದು ಕೂಲಿಯಿಲ್ಲದೆ ದುಡಿಯುವ ಆಳು, ಯಾವುದು ಕಳ್ಳ ಎಂಬುದನ್ನು ಅರಿತು ನಡೆದುಕೊಳ್ಳುವವನಿಗೆ ಖರ್ಚು ಕಡಮೆ.

ನಮ್ಮ ಸೀಮೆಯ ಸನ್ನಿವೇಶವೂ ಇದಕ್ಕೆ ತಕ್ಕಂತೆಯೇ ಇದೆ. ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರಿನ ಕಡೆ 1974ರಲ್ಲಿ ಏರ್ಪಟ್ಟ ಕೃಷ್ಣಮೃಗಗಳ ಧಾಮವಿದೆ. ಪೂರ್ವದಲ್ಲಿ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿಗಳ ಧಾಮವಾಯಿತು. ನಡುವೆ ಕೊಂಡಜ್ಜಿಯ ಗುಡ್ಡವೂ ಕೆರೆಯೂ ಇವೆ. ಬೇಸಗೆಯಲ್ಲಿ ಗುಡ್ಡದ ಹಳ್ಳಗಳು ಬತ್ತಿದೊಡನೆ ಪ್ರಾಣಿಗಳು ಭದ್ರಾ ನಾಲೆಯ ಹಸುರನ್ನು ಅರಸಿ ಕೆಳಗಿಳಿಯುವುದು ಸಹಜವೇ ಸರಿ.

ದಿನದ ಮೊದಲ ಕೆಲಸವು ಮಾಗಿ ಉಳುಮೆ. ಅಡ್ಡ ಮಳೆ ಬಿದ್ದು ನೆಲ ಸ್ವಲ್ಪ ಹದವಾದ ಮರುದಿನವೇ, ಇಳಿಜಾರಿಗೆ ಅಡ್ಡಲಾಗಿ ಉಳತಕ್ಕದ್ದು. ಬೆಳಕು ಹರಿಯುತ್ತಲೇ ಆರಂಭಿಸಿ ಹತ್ತು ಗಂಟೆಯೊಳಗೆ ನಿಲ್ಲಿಸುವುದು ಎತ್ತಿಗೂ ಆಳಿಗೂ ಹಿತ. ಟ್ರ್ಯಾಕ್ಟರು ಇಟ್ಟಿರುವವರು ರಾತ್ರಿಯ ತಂಪಿನಲ್ಲಿ ಉಳುವುದನ್ನು ನಾವು ಕಂಡಿರುವೆವು; ಆದರೆ ಅದರಿಂದ ಅರ್ಧ ಲಾಭ ಕೈಬಿಡುವುದು. ಏಕೆಂದರೆ ಬೆಳಗಿನ ನೇಗಿಲ ಹಿಂದೆ ಬೆಳ್ಳಕ್ಕಿ, ಗೊರವಂಕ, ಕಾಜಾಣಗಳು ಸಾಲುಗಟ್ಟಿ ನಡೆದು, ಮಗುಚಿದ ಮಣ್ಣಿನಿಂದ ಹೊರಬಿದ್ದ ಗೊಣ್ಣೆ ಹುಳುವನ್ನೂ ಕೋಶಗಳನ್ನೂ ಹೆಕ್ಕಿ ತಿನ್ನುವುವು. ರಾತ್ರಿ ಉತ್ತರೆ ಈ ಕೂಲಿಗಳು ಬರುವುದಿಲ್ಲ.

ಮೆಕ್ಕೆಜೋಳ ಬೆಳೆಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಮೆರಿಕ ಖಂಡದ ಸೈನಿಕ ಹುಳುವು ಭಾರತದಲ್ಲಿ ಮೊದಲು ಕಂಡುಬಂದುದು 2018ರ ಮೇ ತಿಂಗಳಲ್ಲಿ, ನಮಗೆ ನೆರೆಯ ಶಿವಮೊಗ್ಗೆಯಲ್ಲಿಯೇ. ಅಲ್ಲಿಂದೀಚೆಗೆ ಸುಳಿಯೊಳಗೆ ಕುಳಿತು ಎಲೆಯನ್ನು ಜರಡಿಯಂತೆ ಮಾಡುವ ಈ ಹುಳುವನ್ನು ಕಾಣದ ಮೆಕ್ಕೆಜೋಳದ ಹೊಲವೇ ಅಪರೂಪ. ಬಲಿತ ಹುಳುವು ನೆಲಕ್ಕಿಳಿದು, ಎರಡು ಮೂರು ಅಂಗುಲದ ಆಳದೊಳಗೆ ಕೋಶವಾಗುವುದು. ನಾಲೆಯ ನೀರಿನಲ್ಲಿ ಬೇಸಗೆಯ ಮೆಕ್ಕೆಜೋಳವನ್ನು ಕೊಯ್ದವರು ವಾರ ತಡೆದರೆ ಕೋಶದಿಂದ ಚಿಟ್ಟೆ ಹೊರಟು ನೆರೆಯ ಹೊಲವನ್ನು ಸೇರುವುದು. ಆದಕಾರಣ ಕೊಯ್ಲಾದೊಡನೆ ಉತ್ತು, ಕೋಶಗಳನ್ನು ಬಿಸಿಲಿಗೂ ಹಕ್ಕಿಗೂ ಒಪ್ಪಿಸತಕ್ಕದ್ದು. ಊರಿನವರೆಲ್ಲರೂ ಒಂದೇ ವಾರದಲ್ಲಿ ಉತ್ತರೆ ಮಾತ್ರ ಪೂರ್ಣಫಲ. ಇದನ್ನು ಗ್ರಾಮಮುಖ್ಯಸ್ಥರು ಸಭೆ ಸೇರಿಸಿ ಗೊತ್ತುಮಾಡಬಹುದು.

ಕೂಳೆಗೆ ಬೆಂಕಿಯಿಡುವ ಪದ್ಧತಿಯನ್ನು ಬಿಡತಕ್ಕದ್ದು. ಗೌಜಿಗ, ಟಿಟ್ಟಿಭ ಮುಂತಾದ ಹಕ್ಕಿಗಳು ಇದೇ ತಿಂಗಳುಗಳಲ್ಲಿ ಬದುವಿನ ಹುಲ್ಲಿನಲ್ಲೂ ಬಯಲು ನೆಲದಲ್ಲೂ ಮೊಟ್ಟೆಯಿಡುವುವು. ಟಿಟ್ಟಿಭವು ನೇಗಿಲ ಮುಂದೆ ಕೂಗಾಡಿ ಹಾರಾಡಿದರೆ ಹತ್ತಿರದಲ್ಲಿ ಅದರ ಗೂಡಿದೆಯೆಂದು ತಿಳಿದು ನಾಲ್ಕು ಅಡಿ ನೆಲವನ್ನು ಉಳದೆ ಬಿಟ್ಟರೆ ರೈತನಿಗೆ ನಷ್ಟವೇನೂ ಇಲ್ಲ.

ಹನ್ನೊಂದರಿಂದ ನಾಲ್ಕರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಕೂಡದು. ದೊಡ್ಡ ದನಕ್ಕೆ ಈ ಕಾಲದಲ್ಲಿ ದಿನಕ್ಕೆ 50, 60 ಲೀಟರು ನೀರು ಬೇಕಾಗುವುದರಿಂದ ಕೊಟ್ಟಿಗೆಯ ತೊಟ್ಟಿಯನ್ನು ನೆರಳಿನಲ್ಲಿಟ್ಟು ಮೂರು ಸಲ ತುಂಬಿಸತಕ್ಕದ್ದು. ಹಕ್ಕಿಗಳಿಗಾಗಿ ಅಗಲವಾದ ಮಣ್ಣಿನ ಬಟ್ಟಲಲ್ಲಿ ನೀರಿಟ್ಟು, ನಡುವೆ ಒಂದು ಕಲ್ಲನ್ನಿರಿಸಿ, ಸೊಳ್ಳೆ ಮರಿಮಾಡದಂತೆ ನಿತ್ಯವೂ ಚೆಲ್ಲಿ ತುಂಬಿಸಬೇಕು. ಮೃಗಗಳಿಗೂ ನೀರಿಡುವ ಉದಾರಿಗಳು ಕೆಲವರಿದ್ದಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ತೊಟ್ಟಿಯನ್ನು ಕಬ್ಬಿನ ಪಕ್ಕದಲ್ಲೋ ಮನೆಯ ಹಿತ್ತಲಲ್ಲೋ ಕಟ್ಟಿದರೆ ಹಂದಿಗೆ ತಾವೇ ದಾರಿ ತೋರಿಸಿದಂತಾಗುವುದು. ಅದು ಗುಡ್ಡದ ಅಂಚಿನಲ್ಲಿ, ಪೈರಿನಿಂದ ದೂರದಲ್ಲಿರಬೇಕು. ಕಟ್ಟೆಯಿಲ್ಲದ ಹಾಳುಬಾವಿಗಳಿಗೆ ಬೇಲಿ ಹಾಕುವುದು ಅದಕ್ಕಿಂತ ಮುಖ್ಯ. ನೀರನ್ನರಸಿ ಬಂದ ಪ್ರಾಣಿಯೇ ಅಲ್ಲದೆ ಮಕ್ಕಳೂ ಅದರಲ್ಲಿ ಬೀಳಬಹುದು.

ಮಧ್ಯಾಹ್ನದ ಬಿಡುವಿನಲ್ಲಿ ಕಣಜ, ಬಣವೆಗಳನ್ನು ನೋಡಿಕೊಳ್ಳಬಹುದು. ಬಣವೆಯನ್ನು ಮನೆಗೆ ತಾಗಿಸಿ ಒಟ್ಟಿದರೆ ಇಲಿ ಸೇರುವುದು, ಇಲಿಯ ಹಿಂದೆ ಹಾವು ಬರುವುದು. ಕೇರೆ ಹಾವಿಗೆ ವಿಷವಿಲ್ಲ. ಅದು ಇಲಿಯ ವೈರಿ. ಅದನ್ನು ನಾಗರವೆಂದು ಬಗೆದು ಹೊಡೆಯುವುದು ತನ್ನ ಕಾವಲುಗಾರನನ್ನೇ ಹೊಡೆದಂತೆ. ಗೂಬೆಯ ವಿಷಯವೂ ಹೀಗೆಯೇ. ಅಪಶಕುನವೆಂದು ಓಡಿಸುವ ಆ ಹಕ್ಕಿ ರಾತ್ರಿಯೆಲ್ಲ ಇಲಿ ಹಿಡಿಯುತ್ತದೆ. ಇಲಿಗೆಂದು ಹೊಲದಲ್ಲಿ ವಿಷವನ್ನು ಚೆಲ್ಲಿದರೆ ಸತ್ತ ಇಲಿಯನ್ನು ತಿಂದು ಗೂಬೆಯೂ ಸಾಯುವುದು. ಫೋರೇಟ್ ಎಂಬ ಹರಳು ವಿಷವು 2020ರ ಕೊನೆಗೆ ದೇಶದಲ್ಲಿ ನಿಷಿದ್ಧವಾಗಿರುವುದು. ಅಟ್ಟದ ಮೇಲೆ ಹಳೆಯ ಪೊಟ್ಟಣವಿದ್ದರೂ ಉಪಯೋಗಿಸಕೂಡದು.

ಇನ್ನು ಹಂದಿಯ ವಿಚಾರ. ಒಂದು ಹಿಂಡು ಒಂದೇ ರಾತ್ರಿಯಲ್ಲಿ ಮೆಕ್ಕೆಜೋಳವನ್ನೋ ಕಬ್ಬನ್ನೋ ನೆಲಸಮ ಮಾಡಿದಾಗ ರೈತನಿಗೆ ಬರುವ ಸಂಕಟವನ್ನು ನಾವು ಬಲ್ಲೆವು. ಆದರೂ ಬೇಲಿಯ ತಂತಿಗೆ ಪಂಪುಸೆಟ್ಟಿನಿಂದ ವಿದ್ಯುತ್ತನ್ನು ಎಳೆದು ಕಟ್ಟುವ ಕಾರ್ಯವನ್ನು ಯಾರೂ, ಒಂದು ರಾತ್ರಿಯ ಮಟ್ಟಿಗಾದರೂ, ಮಾಡಕೂಡದು. ಆ ತಂತಿಗೆ ಹಂದಿ ಯಾವುದು, ನೀರು ಕಟ್ಟಲು ಬಂದ ನೆರೆಯವನು ಯಾವನು ಎಂಬ ಭೇದವಿಲ್ಲ. ಬೆಳಿಗ್ಗೆ ತಂತಿಯನ್ನು ಬಿಚ್ಚಲು ಮರೆತ ಒಡೆಯನನ್ನೂ ಅದು ಕೊಲ್ಲುವುದು. ಇದು ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧವೂ ಹೌದು. ಸೌರ ಬೇಲಿಯ ಯಂತ್ರವಾದರೋ ಕ್ಷಣಮಾತ್ರದ ಹೊಡೆತವನ್ನು ಬಿಟ್ಟು ಬಿಟ್ಟು ಕೊಡುವುದರಿಂದ ಪ್ರಾಣಿ ಬೆದರಿ ಹಿಂದಿರುಗುವುದೇ ಹೊರತು ಸಾಯುವುದಿಲ್ಲ. ನಾಲ್ಕಾರು ಹಿಡುವಳಿದಾರರು ಕೂಡಿ ಒಂದೇ ಬೇಲಿ ಹಾಕಿಸಿದರೆ ವೆಚ್ಚ ಹಂಚಿಹೋಗುವುದು. ತಂತಿಗೆ ಹುಲ್ಲು ತಾಗಿದರೆ ಅದರ ಶಕ್ತಿ ಸೋರಿಹೋಗುವುದರಿಂದ ಸಂಜೆಯ ತಂಪಿನಲ್ಲಿ ಬೇಲಿಯುದ್ದಕ್ಕೂ ನಡೆದು ಸವರುವುದನ್ನು ದಿನದ ಕೆಲಸದಲ್ಲಿ ಸೇರಿಸಿಕೊಳ್ಳಬೇಕು.

ಉರುಲು ಹಾಕುವುದೂ ಸಿಡಿಮದ್ದಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ನವಿಲು ಮತ್ತು ಕೃಷ್ಣಮೃಗಗಳು ಅದರ ಮೊದಲನೆಯ ಪಟ್ಟಿಯಲ್ಲಿಯೇ ಸೇರಿವೆ. ಬೆಳೆನಷ್ಟವಾದರೆ ತುಳಿದ ಪೈರನ್ನು ತೆಗೆದುಹಾಕುವ ಮೊದಲೇ ಛಾಯಾಚಿತ್ರ ತೆಗೆಸಿ, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಗಳಿಗೆ ಪರಿಹಾರದ ಅರ್ಜಿ ಕೊಡತಕ್ಕದ್ದು. ತಡಮಾಡಿದರೆ ಸ್ಥಳ ನೋಡಲು ಬಂದವರಿಗೆ ಗುರುತೇ ಸಿಗದು.

ಕತ್ತಲಾದ ಮೇಲೆ ಬ್ಯಾಟರಿ ದೀಪವೂ ಕಾಲುಮುಚ್ಚುವ ಪಾದರಕ್ಷೆಯೂ ಇಲ್ಲದೆ ಹೊಲಕ್ಕೆ ಕಾಲಿಡಕೂಡದು. ಹಗಲೆಲ್ಲ ಕೂಳೆಯ ರಾಶಿಯಡಿ ತಂಪಿಗೆ ಮಲಗಿದ್ದ ಕೊಳಕು ಮಂಡಲವು ಆಗ ಹೊರಡುವುದು. ಕಮ್ಮಾರನ ತಿದಿಯಂತೆ ಬುಸುಗುಟ್ಟುವ ಸದ್ದು ಕೇಳಿದರೆ ನಿಂತಲ್ಲಿಯೇ ನಿಂತು ಬೆಳಕು ಬಿಟ್ಟು ನೋಡಬೇಕು. ಸೆಕೆಗೆಂದು ಕಣದಲ್ಲಿ ಚಾಪೆ ಹಾಸಿ ಮಲಗುವವರಿಗೆ ಕಟ್ಟುಹಾವಿನ ಭಯವು ಹೆಚ್ಚು. ಅದು ಕಚ್ಚಿದ ನೋವು ತಿಳಿಯದೆ ಹೋಗಬಹುದು, ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದು, ರೆಪ್ಪೆ ಜೋತುಬೀಳುತ್ತಿದ್ದರೆ ಅದನ್ನೇ ಸಂಶಯಿಸಬೇಕು. ಮಂಚದ ಮೇಲೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗುವುದು ಸುರಕ್ಷಿತ. ಹಾವು ಕಚ್ಚಿದವನನ್ನು ನಡೆಯಿಸದೆ, ಗಾಯವನ್ನು ಕೊಯ್ಯದೆ, ಹಗ್ಗದಿಂದ ಬಿಗಿಯದೆ, ಮಂತ್ರಕ್ಕೆ ಕಾಯದೆ, ಕಚ್ಚಿದ ಅಂಗವನ್ನು ಅಲುಗಾಡದಂತೆ ಇರಿಸಿ ಹರಿಹರದ ತಾಲ್ಲೂಕು ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ, ಯಾವುದು ಸಮೀಪವೋ ಅಲ್ಲಿಗೆ ಕೂಡಲೇ ಕೊಂಡೊಯ್ಯತಕ್ಕದ್ದು. ರಾತ್ರಿವೇಳೆ ಯಾರ ವಾಹನ ದೊರೆಯುವುದೆಂಬುದನ್ನು ಗ್ರಾಮಮುಖ್ಯಸ್ಥರು ಮೊದಲೇ ಗೊತ್ತುಮಾಡಿ, 108ರ ಸಂಖ್ಯೆಯೊಂದಿಗೆ ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಿಡಬೇಕು.